ನಾಜ್ನೀನ್ ಕಂಡ ಕಲ್ಲು

ಒಂದು ಲೀಟರ್ ನೀರು ಕುಡಿದು, ಬಾತ್‌ರೂಮಿಗೂ ಹೋಗುವಂತಿಲ್ಲದೆ ಮುಕ್ಕಾಲು ಗಂಟೆ ಕುಳಿತಿದ್ದೀರಾ? ಕಳೆದ ಮಂಗಳವಾರ ನಾನು ಕುಳಿತಿದ್ದೆ. ಹೆಬ್ಬಾಳದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ. ವಾರದಿಂದ ಬಲಪಕ್ಕೆಯ ಕೆಳಗೆ ನೋವು.

ಕೊನೆಗೂ ಒಳಗೆ ಕರೆದರು. ಮಬ್ಬು ಬೆಳಕು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್. ಡಾಕ್ಟರು ಅದರ ಮೇಲೆ ಸ್ಕ್ಯಾನಿಂಗ್ ಪ್ರೋಬ್ ಆಡಿಸುತ್ತಾ ಒಂದೊಂದೇ ಅಳತೆ ಹೇಳುತ್ತಿದ್ದರು. ಮಾಸ್ಕ್ ಹಾಕಿದ ಹುಡುಗಿಯೊಬ್ಬಳು ಪಕ್ಕದ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು.

"ಪಿತ್ತಕೋಶ ನಾರ್ಮಲ್" ಎಂದರು ಡಾಕ್ಟರು.

ಟೈಪಿಂಗ್ ನಿಂತಿತು. ಹುಡುಗಿಯ ಕಣ್ಣು ಸ್ಕ್ಯಾನಿನ ಪರದೆಯ ಮೇಲಿತ್ತು.

"ಸರ್, ಕತ್ತಿನ ಹತ್ರ ಇನ್ನೊಂದ್ಸಲ ನೋಡ್ತೀರಾ?"

(ಪಿತ್ತಕೋಶಕ್ಕೂ ಕತ್ತು ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.)

ಡಾಕ್ಟರು ನನ್ನನ್ನು ಮಗ್ಗುಲಿಗೆ ತಿರುಗಿಸಿ ಮತ್ತೆ ನೋಡಿದರು. ಇತ್ತು. ಕಡಲೆಕಾಳಿನಷ್ಟು ಕಲ್ಲು.

"ನೋಡಿದ್ರಾ ನಮ್ಮ ನಾಜ್ನೀನ್ ಕಣ್ಣು! ಓದಿದ್ದಿದ್ರೆ ಎಲ್ಲಿರ್ತಿದ್ಲೋ" ಎಂದು ನಕ್ಕರು.

ನಾಜ್ನೀನ್? ತಲೆ ಎತ್ತಿದೆ.

"ಚೆನ್ನಾಗಿದೀರಾ ಅಂಕಲ್?" ಎಂದಳು.

ಎದ್ದು ಓಡಿಬಿಡೋಣ ಎನಿಸಿತು. ಕುಡಿದ ನೀರಿನಿಂದಲ್ಲ.

ಕೊಡಿಗೇಹಳ್ಳಿಯಲ್ಲಿ ನಮ್ಮ ಮನೆಯ ಎದುರಿಗೇ ಅವಳ ಅಪ್ಪನ ಟೈಲರಿಂಗ್ ಅಂಗಡಿ ಇತ್ತು. ಆರು ವರ್ಷದ ಹಿಂದೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ, ಅಪ್ಪ ಮಗಳು ಸ್ವೀಟ್ ಹಿಡಿದು ಬಂದಿದ್ದರು. ಸೈನ್ಸಿನಲ್ಲಿ ನೂರಕ್ಕೆ ತೊಂಬತ್ತಾರು!

"ಅಂಕಲ್, ಸ್ಕ್ಯಾನಿಂಗ್ ಮಾಡೋರು ಆಗ್ಬೇಕಂದ್ರೆ ಏನ್ ಓದ್ಬೇಕು?" ಎಂದು ಕೇಳಿದಳು. "ಅಮ್ಮಿ ಸ್ಕ್ಯಾನ್‌ಗೆ ಹೋಗಿದ್ರು. ಒಳಗೆ ಗಂಡಸು ಡಾಕ್ಟರ್ ಅಂತ ಹಂಗೇ ವಾಪಸ್ ಬಂದ್ಬಿಟ್ರು. ಲೇಡಿ ಡಾಕ್ಟರ್ ಸಿಗೋವರ್ಗೂ ಎರಡು ತಿಂಗಳು ನೋವು ತಿಂದ್ರು."

ಪೇಪರಿನಲ್ಲಿ ಬರೆಯುವ ನನ್ನಂಥವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ನಮ್ಮ ರಸ್ತೆಯ ನಂಬಿಕೆ. (ನಾನೂ ನಂಬಿದ್ದೆ.)

"ಅದಕ್ಕೆ ಪಿಯುಸಿ ಸೈನ್ಸ್ ಎಲ್ಲ ಯಾಕಮ್ಮ? ಯಲಹಂಕದಲ್ಲಿ ಒಂದು ವರ್ಷದ ಕೋರ್ಸ್ ಇದೆ. ಸರ್ಟಿಫಿಕೇಟ್ ಕೊಡ್ತಾರೆ, ತಕ್ಷಣ ಕೆಲಸ" ಎಂದೆ.

ಆ ಕೋರ್ಸಿನ ಬೋರ್ಡು ನೋಡಿದ್ದೆ. ಬಸ್ಸಿನ ಕಿಟಕಿಯಿಂದ. ಅಷ್ಟೇ ನನ್ನ ಸಂಶೋಧನೆ.

"ನೀವ್ ಹೇಳಿದ್ಮೇಲೆ ಮುಗೀತು ಸಾರ್" ಎಂದರು ಅವಳ ಅಪ್ಪ. ತುಂಬಿಸಿಟ್ಟಿದ್ದ ಕಾಲೇಜಿನ ಅರ್ಜಿ ಮನೆಯಲ್ಲೇ ಉಳಿಯಿತು. ಮರುವರ್ಷ ಅಂಗಡಿ ಬೇರೆ ಕಡೆಗೆ ಹೋಯಿತು. ನಾನು ಮರೆತೆ.

ಮಂಗಳವಾರ, ರಿಪೋರ್ಟ್ ಕೊಡಲು ಹೊರಗೆ ಬಂದವಳನ್ನು ಆ ಕೋರ್ಸ್ ಏನಾಯಿತೆಂದು ಕೇಳಿದೆ. ಸಿಟ್ಟಿಲ್ಲದೆ ಹೇಳಿದಳು.

"ಆ ಸರ್ಟಿಫಿಕೇಟ್ ಎಲ್ಲೂ ನಡೀಲಿಲ್ಲ ಅಂಕಲ್. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರೋ ಪಿಯುಸಿ ಬೇಕು. ಆಮೇಲೆ ಇಮೇಜಿಂಗ್ ಟೆಕ್ನಾಲಜೀಲಿ ಬಿಎಸ್ಸಿ, ಇಂಟರ್ನ್‌ಶಿಪ್. ಅಷ್ಟು ಓದಿದ್ರೆ ಎಕ್ಸ್‌ರೇ, ಸಿಟಿ, ಎಂಆರ್‌ಐ ಮಾಡ್ಬೋದು. ಅಲ್ಟ್ರಾಸೌಂಡ್ ಪ್ರೋಬ್ ಮಾತ್ರ ನಮ್ಮಲ್ಲಿ ಡಾಕ್ಟರ್ ಕೈಲೇ ಇರ್ಬೇಕು. ಹೊಟ್ಟೇಲಿರೋದು ಗಂಡೋ ಹೆಣ್ಣೋ ಅಂತ ಹೇಳ್ಬಾರ್ದಲ್ಲ, ಕಾನೂನು ಸ್ಟ್ರಿಕ್ಟು. ಹೊರದೇಶದಲ್ಲಿ ಟೆಕ್ನಾಲಜಿಸ್ಟ್‌ಗಳೇ ಮಾಡ್ತಾರಂತೆ."

ಅಂದರೆ ಅವಳ ಆಸೆಗೆ ಬೇಕಿದ್ದದ್ದು ಡಾಕ್ಟರಿಕೆ. ತೊಂಬತ್ತಾರು ತೆಗೆದ ಹುಡುಗಿ ಡಾಕ್ಟರಾಗಲಾರಳು ಎಂದು ಹೇಳಲು ನಾನ್ಯಾರು? ಹೇಳಲಿಲ್ಲ, ನಿಜ. ಆದರೆ ಹೇಳಿದಂತೆಯೇ ಆಯಿತಲ್ಲ.

"ತಪ್ಪು ನಂದೇ ಕಣಮ್ಮ" ಎಂದೆ.

"ಬಿಡಿ ಅಂಕಲ್, ನೀವೇನು ಬೇಕಂತ ಹೇಳಿದ್ರಾ?"

ಬೈದಿದ್ದರೆ ಹಗುರಾಗುತ್ತಿದ್ದೆ.

"ಈಗ್ಲಾದ್ರೂ ಓದ್ಬಹುದಲ್ಲಮ್ಮ?"

"ಅಬ್ಬಾಗೆ ಸೂಜಿಗೆ ದಾರ ಪೋಣಿಸೋಕೂ ಕಣ್ಣು ಕಾಣಲ್ಲ ಈಗ. ಮನೆ ನಾನೇ ನೋಡ್ಕೋಬೇಕು. ತಂಗಿ ಓದ್ತಿದಾಳೆ, ಸೆಕೆಂಡ್ ಪಿಯು ಸೈನ್ಸ್." ನೆಲ ನೋಡುತ್ತಾ ಸೇರಿಸಿದಳು: "ಮುಂದೆ ಏನ್ ಮಾಡೋದು ಅಂತ ನಿಮ್ಮನ್ನ ಕೇಳೋಕೆ ಬರ್ತೀನಿ ಅಂತಿದ್ಲು. ನಾನೇ ಬೇಡ ಅಂದೆ."

ಒಳಗಿನಿಂದ ಡಾಕ್ಟರು ಕರೆದರು. ಹೋದಳು. ರಿಪೋರ್ಟ್ ಹಿಡಿದು ಅಲ್ಲೇ ನಿಂತಿದ್ದೆ. ಅದರ ಕೆಳಗೆ ಡಾಕ್ಟರ ಸಹಿ ಮಾತ್ರ ಇತ್ತು.

ಎಕ್ಸ್‌ರೇ ತೆಗೆಯಲು ಬಿಎಸ್ಸಿ ಬೇಕು, ಪ್ರೋಬ್ ಹಿಡಿಯಲು ಡಾಕ್ಟರಾಗಿರಬೇಕು. "ನನಗೆ ಗೊತ್ತಿಲ್ಲಮ್ಮ, ವಿಚಾರಿಸಿ ಹೇಳ್ತೀನಿ" ಎನ್ನಲು ಎಷ್ಟು ಓದಿರಬೇಕು?