ಓಲೆ ಕರಗಿಸುವಾಗ ಕೇಳಿದ ಜಾಝ್

ನಾಗಮಂಗಲದ ನಮ್ಮ ಅಕ್ಕಸಾಲೆ ಅಂಗಡಿಯಲ್ಲಿ ಕೆಲಸಕ್ಕೆ ಕೂತಾಗ ನಾನು ಫೋನಿನಲ್ಲಿ ಒಂದು ಹಳೆಯ ಜಾಝ್ ಹಾಡು ಹಾಕಿಕೊಳ್ಳುತ್ತೇನೆ. ಯಾವುದೋ ಅಮೆರಿಕನ್ ನಾಟಕಕ್ಕೆಂದು ಕಟ್ಟಿದ್ದಂತೆ. ನಾಟಕ ಮಕಾಡೆ ಮಲಗಿತು, ಹಾಡು ಉಳಿಯಿತು. ಸ್ಯಾಕ್ಸೊಫೋನಿನವನು ಮೊದಲು ಮೂಲ ಧಾಟಿಯನ್ನು ನೆಟ್ಟಗೆ ನುಡಿಸುತ್ತಾನೆ. ಆಮೇಲೆ ಗುರುತೇ ಸಿಗದಷ್ಟು ಬದಲಿಸುತ್ತಾ ಹೋಗುತ್ತಾನೆ.

ಅವ್ವ ತೀರಿಕೊಂಡ ತಿಂಗಳಿಗೆ ತಂಗಿ ಅವ್ವನ ಓಲೆ ತಂದಳು. ಅಪ್ಪ ಇದೇ ಅಂಗಡಿಯಲ್ಲಿ ಮಾಡಿದ ಓಲೆ.

"ಕರಗಿಸ್ಬುಡು ಕಣಣ್ಣ, ನಮ್ಮಿಬ್ರಿಗೂ ಒಂದೊಂದು ಉಂಗುರ ಮಾಡು" ಅಂದಳು.

ಹಾಡು ಹಚ್ಚಿ, ಓಲೆಗಳನ್ನು ಮೂಸೆಗೆ ಹಾಕಿ ಬೆಂಕಿ ಊದಿದೆ. ಅಳು ಬರಲಿಲ್ಲ, ಏನೂ ಬರಲಿಲ್ಲ. ಎರಡೂ ಕರಗಿ, ಓಲೆಯ ಗುರುತೇ ಸಿಗದಂತೆ ಒಂದೇ ಗುಂಡಾಯಿತು. ಅಷ್ಟರಲ್ಲಿ ಆ ಸ್ಯಾಕ್ಸೊಫೋನಿನ ಪುಣ್ಯಾತ್ಮ, ಎಂದಿನಂತೆ, ಮೊದಲಿನ ಧಾಟಿಗೇ ವಾಪಸು ಬಂದ.

ನಾನು ಫೋನು ಆಫ್ ಮಾಡಿದೆ.