ಕೋದಂಡಪ್ಪನ ಗಾಳಿದೀಪ

ನನ್ನ ತಂಗಿ ವೆಂಕಟರತ್ನಮ್ಮನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಅವಳ ಗಂಡ ಕೋದಂಡಪ್ಪ ಮನೆಯ ಹಿಂದಿನ ಬಂಡೆಯ ಮೇಲೆ ಕೂತು ಸ್ಕ್ರೂ ಬಿಚ್ಚುತ್ತಿದ್ದ. ಕಣ್ಣಲ್ಲಿ ಒಂದು ಹನಿ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಇವನೇನು ಮನುಷ್ಯನೋ, ಮರದ ಕೊರಡೋ!

ಅವನ ಕಥೆ ಸ್ವಲ್ಪ ಹೇಳಬೇಕು. ಕಾಮಸಮುದ್ರದ ಕಡೆಯ ನಮ್ಮೂರಿನವರು ಚಾಂಪಿಯನ್ ರೀಫ್ಸ್ ಗಣಿಗೆ ಹೋದರೆ ಸುರಂಗಕ್ಕೆ ಇಳಿಯುತ್ತಿದ್ದರು. ಇವನೊಬ್ಬ ಕರೆಂಟಿನ ವರ್ಕ್‌ಶಾಪು ಸೇರಿದ. ಗಣಿಗೆ ಕರೆಂಟು ಬಂದು ಎಷ್ಟೋ ಕಾಲವಾಗಿತ್ತು, ನಮ್ಮೂರಿಗೆ ಮಾತ್ರ ಹೊತ್ತು ಮುಳುಗಿದರೆ ಗವ್ವೆನ್ನುವ ಕತ್ತಲೆ. ಅದನ್ನು ಇವನ ಕೈಲಿ ಸಹಿಸಲಾಗಲಿಲ್ಲ. ಬಂಗಾರಪೇಟೆಯ ಗುಜರಿಯಿಂದ ಹಳೇ ಲಾರಿಯ ಡೈನಮೋ ತಂದ, ತೇಗದ ಹಲಗೆ ಕೆತ್ತಿ ರೆಕ್ಕೆ ಮಾಡಿದ, ಬಂಡೆಯ ಮೇಲೆ ಕಂಬ ನಿಲ್ಲಿಸಿದ. ಗಾಳಿಗೆ ರೆಕ್ಕೆ ತಿರುಗಿ ಬ್ಯಾಟರಿ ತುಂಬಬೇಕು, ನಡುಮನೆಯಲ್ಲಿ ಬಲ್ಬು ಉರಿಯಬೇಕು. "ಗಾಳಿ ಇಡ್ದೈತೆ ಕಣ್ಲಾ ಇವನ್ಗೆ" ಎಂದು ಊರವರು ನಕ್ಕರು. ಬಲ್ಬು ಹೊತ್ತಿದ ದಿನ ಅವರೇ ಬಾಯಿ ಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

ಆ ಯಂತ್ರದಲ್ಲಿ ಕಟೌಟ್ ಎಂಬ ಪುಟ್ಟ ಡಬ್ಬಿಯೊಂದಿತ್ತು. ಡೈನಮೋದಲ್ಲಿ ಸಾಕಷ್ಟು ವೋಲ್ಟೇಜು ಹುಟ್ಟಿದಾಗ ಅದರೊಳಗಿನ ಎರಡು ಪಾಯಿಂಟುಗಳು ಟಕ್ಕೆಂದು ಕೂಡಿ ಕರೆಂಟನ್ನು ಬ್ಯಾಟರಿಗೆ ಬಿಡುತ್ತವೆ. ಗಾಳಿ ನಿಂತರೆ ಬೇರೆಯಾಗಿ, ತುಂಬಿದ್ದು ಹಿಂದಕ್ಕೆ ಸೋರದಂತೆ ತಡೆಯುತ್ತವೆ. ಕೋದಂಡ ಅದನ್ನು ಮನೆಯ ಆಳಿನ ಹಾಗೆ ಹೊಗಳುವನು. "ಒಳಗಿರೋನು ಗಟ್ಟಿಗ. ಅವನಿಲ್ದಿದ್ರೆ ಬೆಳಕೇ ಇಲ್ಲ" ಎನ್ನುವನು.

ತಂಗಿಗೆ ವಿಷಮಜ್ವರ ಬಂದಾಗ, ರೆಕ್ಕೆಯ ಸದ್ದಿಗೆ ಬೆಚ್ಚುತ್ತಾಳೆಂದು ಅದನ್ನು ಹಗ್ಗದಿಂದ ಕಟ್ಟಿಹಾಕಿದ. ಅವಳ ಪಕ್ಕದಲ್ಲಿ ಬಲ್ಬು ಉರಿದೂ ಉರಿದೂ ಬ್ಯಾಟರಿ ಬರಿದಾಯಿತು. ಅವಳೂ ಹೋಗಿಬಿಟ್ಟಳು.

ನಮ್ಮಲ್ಲಿ ಸತ್ತವರ ತಲೆಯಿದ್ದ ಜಾಗದಲ್ಲಿ ತಿಥಿಯವರೆಗೆ ದೀಪವಿಡಬೇಕು. ಯುದ್ಧದ ಕಾಲ, ಸೀಮೆಎಣ್ಣೆ ಕಣ್ಣಿಗೂ ಕಾಣದು. ಕೋದಂಡನ ತಾಯಿ ಮುನಿಶಾಮಮ್ಮ ಹೊಂಗೆಣ್ಣೆಯ ಹಣತೆ ಹಚ್ಚಿಟ್ಟಿದ್ದಳು.

"ಎಂಡ್ತಿ ಓದ್ಳು ಅನ್ನೋ ಗ್ಯಾನಾನಾದ್ರೂ ಐತೇನ್ಲಾ ನಿಂಗೆ?" ಎಂದು ಬಂಡೆಯ ಕೆಳಗಿಂದಲೇ ಕೂಗಿದೆ.

ಅವನು ತಲೆಯೆತ್ತಲಿಲ್ಲ. "ಒಂಗೆಣ್ಣೆ ಒಗೆಗೆ ರತ್ನ ಕೆಮ್ತಾಳೆ, ಭಾವ. ಬಲ್ಬೇ ಅಚ್ಬೇಕು" ಎಂದ.

ಕೆಮ್ಮುತ್ತಾಳಂತೆ! ಇದಕ್ಕೇನು ಹೇಳಲಿ? ಬಂಡೆ ಹತ್ತಿ ಅವನ ಪಕ್ಕ ಕೂತೆ.

ರೆಕ್ಕೆಯ ಹಗ್ಗ ಬಿಚ್ಚಿದ್ದ. ಗಾಳಿ ಚೆನ್ನಾಗಿತ್ತು. ಆದರೂ ಬ್ಯಾಟರಿಗೆ ಕರೆಂಟು ಹೋಗುವುದನ್ನು ತೋರಿಸುವ ಮೀಟರಿನ ಮುಳ್ಳು ಅಲುಗಲೊಲ್ಲದು. ಡೈನಮೋಗೆ ನೇರವಾಗಿ ಬಲ್ಬು ಮುಟ್ಟಿಸಿದ, ಹೊತ್ತಿತು. ಅಂದರೆ ಡೈನಮೋ ಸರಿಯಿದೆ. ತಂತಿಗಳನ್ನು ಎಳೆದೆಳೆದು ನೋಡಿದ, ಬ್ಯಾಟರಿಯ ತುದಿಗಳನ್ನು ಉಜ್ಜಿದ. ಕಟೌಟಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ, ಗಾಳಿ ಬೀಸಿದಾಗಲೆಲ್ಲ ಅದು ಟಕ್ಕೆನ್ನುತ್ತಲೇ ಇತ್ತು. ಯಾರೋ ಬೇರೆಯವರ ಮನೆಯ ಕೂಲಿ ಕೆಲಸದಂತೆ ಎಲ್ಲವನ್ನೂ ಮಾಡುತ್ತಿದ್ದ. ನೋಡುತ್ತ ಕೂತ ನನಗೂ ಏನೂ ಅನ್ನಿಸಲಿಲ್ಲ. ಬಿಸಿಲಿತ್ತು, ಅಷ್ಟೇ.

ಮಧ್ಯಾಹ್ನ ಇಳಿಯುವಾಗ ಕಟೌಟಿನ ಮುಚ್ಚಳ ತೆಗೆದು, ಎರಡು ಪಾಯಿಂಟುಗಳಿಗೂ ತಾಗುವಂತೆ ಒಂದು ತುಂಡು ತಂತಿಯನ್ನು ಅಡ್ಡ ಹಿಡಿದ. ಮೀಟರಿನ ಮುಳ್ಳು ಚಂಗನೆ ನೆಗೆಯಿತು.

"ಇಲ್ಲೇ ಐತೆ ಕೊರೆ" ಎಂದ.

ಪಾಯಿಂಟುಗಳು ಕೂಡುತ್ತಿದ್ದವು, ಆದರೆ ನಡುವೆ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ತುಕ್ಕು ಅಂದುಕೊಂಡೆ. ಅವನು ಹೆಬ್ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದ. ಎಣ್ಣೆಯಲ್ಲಿ ಕಲಸಿದ ಕುಂಕುಮ.

ನೀರು ತಂದ ಮುನಿಶಾಮಮ್ಮ ಅದನ್ನು ನೋಡಿ ಚೊಂಬನ್ನು ಕೆಳಗಿಟ್ಟಳು. "ಅಯ್ಯೋ ಸಿವನೇ, ಆಯುಧಪೂಜೆಲಿ ನನ್ ಸೊಸೆ ಇಕ್ಕಿದ್ದು ಕಣಪ್ಪಾ. 'ಡಬ್ಬಿಗ್ಯಾಕತ್ತೆ ಬೊಟ್ಟು, ಕೆಲ್ಸ ಮಾಡೋನು ಒಳಗವ್ನಲ್ಲ' ಅಂತ ಬಿಚ್ಚಿ ಇಕ್ಕುದ್ಲು. ಅವತ್ತು ಸಂಜೇನೇ ಜ್ವರ ಬಂದಿದ್ದು."

ಬೊಟ್ಟು ಅಳಿಸದೆ ಬಲ್ಬು ಹೊತ್ತದು. ಅಳಿಸಿದರೆ ಅವಳು ಕೈಯಾರೆ ಮಾಡಿದ ಕಡೆಯ ಪೂಜೆ ಹೋಯಿತು. "ಬುಡ್ಲಾ, ಇರ್ಲಿ. ಅಣತೆನೇ ಇರ್ಲಿ" ಎಂದೆ.

"ಕೆಮ್ತಾಳೆ" ಎಂದ.

ಉಪ್ಪುಕಾಗದ ಮುಟ್ಟಲಿಲ್ಲ, ಪೆಟ್ರೋಲು ಮುಟ್ಟಲಿಲ್ಲ. ಹೆಬ್ಬೆರಳಿನಿಂದಲೇ ಒರೆಸಿ ಒರೆಸಿ ತೆಗೆದ. ಮುಳ್ಳು ಮೇಲೇರಿತು. ಸಂಜೆ ಅವಳ ತಲೆಯಿದ್ದ ಕಡೆ ಬಲ್ಬು ಹೊತ್ತಿತು, ಮುನಿಶಾಮಮ್ಮ ಹಣತೆಯನ್ನು ಹೊರಗೆ ತಂದಿಟ್ಟಳು. ಕೋದಂಡ ಆಗಲೂ ಅಳಲಿಲ್ಲ.

ಊಟಕ್ಕೆ ಕೂತಾಗ ತಾಯಿ ಚೊಂಬು ಚಾಚಿ, "ಕೈ ತೊಳ್ಕಳಪ್ಪಾ" ಎಂದಳು. ಅವನು ಕೆಂಪಾದ ಹೆಬ್ಬೆರಳನ್ನು ಒಳಗೆ ಮಡಿಸಿ ಬಲಗೈಯನ್ನು ಮುಷ್ಟಿ ಮಾಡಿಕೊಂಡ.

"ತೊಳ್ಯಾಕಿಲ್ಲ."

"ಉಣ್ಣೋದೆಂಗ್ಲಾ ಮತ್ತೆ?" ಎಂದು ನಾನು ರೇಗಿದೆ. ಮುನಿಶಾಮಮ್ಮ ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದಳು. ತಾನೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತಲೆ ನರೆತ ಮಗನ ಬಾಯಿಗಿಟ್ಟಳು. ಅವನು ನುಂಗಿದ. ಇನ್ನೊಂದು ತುತ್ತಿಗೆ ಬಾಯಿ ತೆರೆದವನು ಅದನ್ನು ಮುಚ್ಚಲಾರದೆ, ಮುಷ್ಟಿಯನ್ನು ಎದೆಗೊತ್ತಿಕೊಂಡು ಗೋಳೋ ಎಂದು ಅತ್ತ.