ಟ್ರಂಕಿನಲ್ಲಿದ್ದ ಚಪ್ಪಲಿ

ಹೃದಯಾಘಾತವಾದ ಮರುದಿನವೇ ಬೆಳಗಾವಿಯ ಆಸ್ಪತ್ರೆಯವರು ನನ್ನನ್ನು ಎಬ್ಬಿಸಿ ಕಾರಿಡಾರಿನಲ್ಲಿ ನಡೆಸಿದರು. ಹಿಂದಿನ ದಿನ ಮುಂಗೈಯಿಂದ ತಂತಿ ತೂರಿಸಿ, ಹೃದಯದ ಕಟ್ಟಿದ ನಾಳದೊಳಗೆ ಸ್ಟೆಂಟ್ ಕೂರಿಸಿ, ಅದನ್ನೆಲ್ಲ ನನಗೇ ಟೀವಿಯಲ್ಲಿ ತೋರಿಸಿದ್ದರು. ಅರವತ್ತೊಂದು ವರ್ಷದಲ್ಲಿ ನಾನು ಟೀವಿಯಲ್ಲಿ ಬಂದದ್ದು ಅದೊಂದೇ ಸಲ, ಅದರಲ್ಲೂ ಮುಖ ಬರಲಿಲ್ಲ.

"ಏಳ್ರಿ ಕಾಕಾ, ಎಷ್ಟಂತ ಮಲಗ್ತೀರಿ?" ಎಂದು ನರ್ಸ್ ಗದರಿದ್ದಳು. ನಾಲ್ಕನೆಯ ದಿನ ರಾಮತೀರ್ಥ ನಗರದ ಮನೆಗೆ ಕಳಿಸಿಯೇಬಿಟ್ಟರು.

ಖಾನಾಪುರದ ತಮ್ಮನ ಮನೆಯಲ್ಲಿರುವ ಅವ್ವ ಅಷ್ಟರೊಳಗೆ ಬಂದು ಬಾಗಿಲಲ್ಲಿ ನಿಂತಿದ್ದಳು. ಎಂಬತ್ತೈದು ವಯಸ್ಸು, ದನಿ ಮಾತ್ರ ಇಪ್ಪತ್ತೈದರದ್ದು.

"ನಡಸಿದ್ರಾ? ಯಾವ ಭಾಡ್ಯಾ ಡಾಕ್ಟರ್ ಅವ? ನಡಿ, ಮಲಕ್ಕೋ!"

ಅವಳ ಸಿಟ್ಟಿಗೆ ಕಾರಣವಿತ್ತು. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಅಪ್ಪನಿಗೂ ಹೀಗೇ ಆಗಿತ್ತು. ಆಗ ಆಸ್ಪತ್ರೆಯಲ್ಲಿ ಮೂರು ವಾರ ಅಂಗಾತ ಮಲಗಿಸಿದ್ದರು. ತಾನೇ ಉಣ್ಣುವಂತಿಲ್ಲ, ಗಡ್ಡ ಕೆರೆದುಕೊಳ್ಳುವಂತಿಲ್ಲ, ಮಗ್ಗುಲಾಗಲು ಇಬ್ಬರು ಬರಬೇಕು. ನಗಿಸಬೇಡಿ ಎಂದೂ ತಾಕೀತು ಮಾಡಿದ್ದರು. ಅಪ್ಪನ ಸ್ವಭಾವಕ್ಕೆ ಆ ಅಪಾಯವೇನೂ ಇರಲಿಲ್ಲ. ಆಗಿನ ವೈದ್ಯರಿಗೆ ಗೊತ್ತಿದ್ದದ್ದೇ ಅಷ್ಟು: ನೋವಿಗೆ ಸೂಜಿ, ಮೂಗಿಗೆ ಆಮ್ಲಜನಕ, ಉಳಿದದ್ದು ಶಿವನ ಪಾಲಿಗೆ. ಮುಂದೆ ಸೋದರಮಾವನ ಸರದಿ ಬಂದಾಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಬಂದಿತ್ತು, ವಾರದಲ್ಲಿ ಮನೆಗೆ ಬಂದ. ಅವ್ವ ಅದನ್ನು ಅವನ ಪುಣ್ಯ ಅಂದಳೇ ಹೊರತು ಔಷಧ ಅನ್ನಲಿಲ್ಲ.

'ನೆಲಕ್ಕೆ ಕಾಲು ಊರಬಾರದು' ಎಂದು ಡಾಕ್ಟರ್ ಹೇಳಿದ್ದು ನಮ್ಮ ಮನೆಯ ಕಾಯಂ ಕಾಯ್ದೆಯಾಯಿತು. ಅಪ್ಪ ಖಾನಾಪುರಕ್ಕೆ ಮರಳಿದ ದಿನವೇ ಅವ್ವ ಅವನ ಚಪ್ಪಲಿಗಳನ್ನು ಟ್ರಂಕಿನಲ್ಲಿಟ್ಟು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬರಿಗಾಲಲ್ಲಿ ಸಂತೆಗೆ ಹೋಗುವ ಮನುಷ್ಯ ಅವನಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಂತೆಯ ದಿನ ಬಂದರೆ ಸಾಕು, ಅಪ್ಪ ಚೀಲ ಹಿಡಿದು ನಿಲ್ಲುತ್ತಿದ್ದ.

"ನನ್ನ ಚಪ್ಪಲಿ ಎಲ್ಲಿ?"

"ನನಗೇನ್ ಗೊತ್ರಿ? ಸುಮ್ನ ಕುಂದರ್ರಿ."

ಆಮೇಲೆ ನನ್ನನ್ನು ಕೇಳುತ್ತಿದ್ದ. ಗೊತ್ತಿಲ್ಲ ಎಂದು ನಾನೂ ಅನ್ನುತ್ತಿದ್ದೆ. ಬರಬರುತ್ತ ಕೇಳುವುದನ್ನೇ ಬಿಟ್ಟ. ಹನ್ನೊಂದು ವರ್ಷ ಕಟ್ಟೆಯ ಮೇಲೆ ಕುಳಿತು, ಬೇರೆಯವರು ತಂದ ಬದನೆಕಾಯಿಯಲ್ಲಿ ಹುಳುಕು ಹುಡುಕುತ್ತ ಕಾಲ ಕಳೆದು, ಒಂದು ದಿನ ಹೋಗಿಬಿಟ್ಟ.

ಈಗ ನನ್ನ ಸರದಿ. ಐದನೆಯ ದಿನ ಬೆಳಿಗ್ಗೆ ನಡೆಯಲು ಹೊರಟೆ, ಚಪ್ಪಲಿ ಮಾಯ. ಬೂಟು ಮಾಯ. ಬಚ್ಚಲಿಗೆ ಹಾಕಿಕೊಳ್ಳುವ ಹರಕು ಸ್ಲಿಪ್ಪರನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಗಿತ್ತಿ!

"ಅವ್ವಾ, ನಾ ಏನ್ ಸಣ್ಣ ಹುಡುಗ ಏನು?"

"ಅಲ್ಲ, ಮುದಿ ಕತ್ತೆ. ಮಲಕ್ಕೋ."

ನನಗೂ ಅವಳದೇ ಹಟ. ಬರಿಗಾಲಲ್ಲೇ ರಸ್ತೆಗಿಳಿದೆ. ಹಿಂದಿನಿಂದ ಅವ್ವ "ಸಾಯ್ತಾನ, ಹಿಡೀರಿ ಅವನ್ನ!" ಎಂದು ಕೂಗಿದಳು. ಅಕ್ಕಪಕ್ಕದವರು ನನ್ನನ್ನು ಕಳ್ಳನನ್ನು ತಂದಂತೆ ಮನೆಗೆ ತಂದು ಬಿಟ್ಟರು. ಮೈ ಉರಿದುಹೋಯಿತು. ತಪಾಸಣೆಯ ದಿನ ಬರಲಿ, ಡಾಕ್ಟರ ಬಾಯಿಂದಲೇ ಇವಳಿಗೆ ಮಂಗಳಾರತಿ ಮಾಡಿಸುತ್ತೇನೆ ಎಂದುಕೊಂಡೆ.

ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವಳು. ಅವ್ವನ ಕೈ ಹಿಡಿದು ಕೂರಿಸಿಕೊಂಡು ಹೇಳಿದಳು: "ಅಜ್ಜಿ, ಇವರು ದಿನಾ ನಡೀಬೇಕ್ರಿ. ಮಲಗಿಸಿಟ್ರನ ತ್ರಾಸು."

ನಾನು ಮೀಸೆಯಡಿ ನಕ್ಕೆ. ಅವ್ವ ನಗಲಿಲ್ಲ.

"ಈ ಪದ್ಧತಿ ಹೊಸಾದೇನವಾ?"

"ಇಲ್ರಿ ಅಜ್ಜಿ, ಭಾಳ ವರ್ಷ ಆತು."

"ನಮ್ಮ ಯಜಮಾನ್ರನ್ನ ಆಗ ಮೂರು ವಾರ ಮಲಗಿಸಿದ್ರು."

"ಆಗ ಹಂಗ ಇತ್ರಿ. ಆದ್ರ ಆಗೂ ಆ ಮೂರು ವಾರ ಮುಗದ ಮ್ಯಾಲೆ ಸಾವಕಾಶ ತಿರುಗಾಡ್ರಿ ಅಂತನ ಹೇಳಿರ್ತಾರ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೇಳಿದ್ರೋ. ನಾ ಅದನ್ನ ಕಿವಿಗೇ ಹಾಕ್ಕೊಳ್ಳಿಲ್ಲ. ಎಲ್ಲಿ ಬೀಳ್ತಾರೋ ಅಂತ ಜೀವ ಹೊಡ್ಕೋತಿತ್ತು."

ನಾನು ಗೆದ್ದಿದ್ದೆ. ಸುಡಲಿ ಆ ಗೆಲುವು, ಅವಳ ಮುಖ ನೋಡಲಾಗಲಿಲ್ಲ. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವಳು ಒಂದೇ ಮಾತಾಡಿದಳು: "ಬರೇ ಸಂತಿಗಿ ಹೋಗ್ತೇನಿ ಅಂತಿದ್ರು."

ಮನೆಗೆ ಬಂದವಳೇ ಕಪಾಟು ತೆಗೆದು, ತನ್ನ ಸೀರೆಗಳ ಅಡಿಯಿಂದ ನನ್ನ ಚಪ್ಪಲಿ ತೆಗೆದು, ಸೆರಗಿನಿಂದ ಒರೆಸಿ ನನ್ನ ಕಾಲ ಬಳಿ ಇಟ್ಟಳು. ನಾನು ಮೆಟ್ಟಿಕೊಳ್ಳುವವರೆಗೂ ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತಿದ್ದಳು.

"ಅವರ ಚಪ್ಪಲಿ ಎಲ್ಲಿದ್ವು ಅಂತ ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತವ್ವ."

"ಹೇಳಬೇಕಿತ್ತಲೋ ಅವರಿಗೆ. ಒಂದ್ ಸಲನಾದ್ರೂ."